ನರಕದ ಚಾರ್ಟಿನಲ್ಲಿ ನಮ್ಮ ಮನೆಯವರು

ಮಂಗಳವಾರ, 4

ಆಸ್ಪತ್ರೆ ಲಾಂಡ್ರಿಯಲ್ಲಿ ಇವತ್ತೂ ಆಪರೇಷನ್ ಗೌನುಗಳ ರಾಶಿ. ಇಸ್ತ್ರಿ ಮುಗಿಸಿ ಐದಕ್ಕೆ ಸಂಜೆ ಶಾಲೆ. ಮನೆಯಲ್ಲಿ ಮಾಮೂಲಿ ಸುಳ್ಳು — ಎಕ್ಸ್‌ಟ್ರಾ ಶಿಫ್ಟ್.

ಮೇಡಂ ಪ್ರಾಜೆಕ್ಟ್ ಕೊಟ್ಟರು. ನರಕದ ಮೇಲೊಂದು ಮಹಾಕಾವ್ಯ, ಮಧ್ಯಯುಗದ್ದಂತೆ. ನಮಗೆ ಗದ್ಯದಲ್ಲಿ ಕೊಟ್ಟಿದ್ದಾರೆ, ಪುಣ್ಯ. ಬದುಕಿರುವ ಮನುಷ್ಯನೊಬ್ಬ ಅಂತಸ್ತು ಅಂತಸ್ತಾಗಿ ಕೆಳಗಿಳಿದು ಪಾಪಿಗಳನ್ನು ನೋಡಿಬರುತ್ತಾನೆ. ಚಾರ್ಟ್ ಮಾಡಬೇಕು. ಪ್ರತಿ ಅಂತಸ್ತಿಗೂ "ಸುತ್ತಮುತ್ತಲಿನ ಒಂದು ಉದಾಹರಣೆ" ಬರೆಯಬೇಕು.

ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಮಹಾಕಾವ್ಯ! ಮದುವೆಗೆ ಮುಂಚೆ ಗಂಡನಿಗೂ ಅತ್ತೆಗೂ ಹತ್ತನೇ ಕ್ಲಾಸು ಪಾಸ್ ಅಂದಿದ್ದೆ. ಹನ್ನೊಂದು ವರ್ಷವಾಯಿತು. ಇವರು ಇನ್ನೂ ನಂಬಿದ್ದಾರೆ. ಗೊತ್ತಾಗುವ ಮೊದಲೇ ಅದನ್ನು ನಿಜ ಮಾಡಿಬಿಡೋಣ ಅಂತಲೇ ಈ ಒದ್ದಾಟ.

ಗುರುವಾರ, 6

ಒಂದು ಪುಟಕ್ಕೆ ಅರ್ಧ ಗಂಟೆ. ಹೊಟ್ಟೆಬಾಕರು ಮೇಲೆ. ಕೋಪಿಷ್ಠರು ಅವರ ಕೆಳಗೆ. ಕೊಲೆಗಾರರು ಇನ್ನೂ ಕೆಳಗೆ. ತಳದಲ್ಲಿ ಯಾರು? ನಂಬಿದವರಿಗೆ ಮೋಸ ಮಾಡಿದವರು.

ಕೊಲೆಗಾರರಿಗಿಂತ ಕೆಳಗೆ!

ಪುಸ್ತಕ ಮುಚ್ಚಿ, ಮತ್ತೆ ತೆರೆದು ನೋಡಿದೆ. ಅದೇ ಇತ್ತು.

ಭಾನುವಾರ, 9

ಮನೆಯಲ್ಲಿ ಯಾರೂ ಇರಲಿಲ್ಲ. ಚಾರ್ಟ್ ಮುಗಿಸಿದೆ. ಹೊಟ್ಟೆಬಾಕರು — ನಮ್ಮ ಭಾವ. ಜಿಪುಣರು — ಮನೆ ಓನರ್. ಕೋಪಿಷ್ಠರು — ನಮ್ಮ ಅತ್ತೆ. ಕೊಲೆಗಾರರಿಗೆ ಮಾತ್ರ ಯಾರೂ ಸಿಗಲಿಲ್ಲ. ಲಾಂಡ್ರಿ ಸೂಪರ್‌ವೈಸರ್ ಅಂತ ಬರೆದು, ಪಾಪ ಅನ್ನಿಸಿ, ಅಳಿಸಿದೆ. ತಳದಲ್ಲಿ — ನಾನು. ಹತ್ತು ಪಾಸಿನ ಸುಳ್ಳನ್ನೂ ಬಿಡಿಸಿ ಬರೆದೆ. ಮೇಡಂ ಒಬ್ಬರೇ ತಾನೇ ನೋಡೋದು.

ಬುಧವಾರ, 12

ಕೆಟ್ಟೆ! ಶನಿವಾರ ಲೈಬ್ರರಿ ಹಾಲಿನಲ್ಲಿ ಎಲ್ಲ ಚಾರ್ಟುಗಳ ಪ್ರದರ್ಶನವಂತೆ. ಯಾರು ಬೇಕಾದರೂ ಬರಬಹುದು. ನನ್ನ ಜೊತೆ ಕ್ಲಾಸಿಗೆ ಬರುವ ಡ್ರೈವರಣ್ಣ ನನ್ನದನ್ನು ಓದಿ ಬಾಯಿ ಮೇಲೆ ಕೈಯಿಟ್ಟ.

"ಏನಮ್ಮಾ ತಾಯಿ, ಉದಾಹರಣೆ ಅಂದ್ರೆ ಮನೆಯವರನ್ನೇ ನರಕಕ್ಕೆ ತಳ್ಳೋದಾ? ನಾನು 'ಒಬ್ಬ ವ್ಯಾಪಾರಿ', 'ಒಬ್ಬ ರಾಜ' ಅಂತ ಹಾಕಿದೀನಿ."

"ಸುತ್ತಮುತ್ತಲು ಅಂದ್ರಲ್ಲಣ್ಣಾ! ನಮ್ಮ ಬೀದೀಲಿ ರಾಜ ಎಲ್ಲಿದಾನೆ?"

ವಾಪಸ್ ಕೇಳೋಣ ಅಂತ ಮೇಡಂ ಹತ್ತಿರ ಹೋದೆ. "ಇದೊಂದೇ ನಿಜವಾದ ಚಾರ್ಟು ಕಣಮ್ಮ" ಅಂದುಬಿಟ್ಟರು. ನನ್ನ ಬಾಯಿಂದ ಬಂದದ್ದು — ಥ್ಯಾಂಕ್ಸ್ ಮೇಡಂ.

ಈ ಬಾಯಿಗಿಷ್ಟು ಮಣ್ಣು ಹಾಕ.

ಶುಕ್ರವಾರ, 14

ಬಾಗಿಲಲ್ಲೇ ಅತ್ತೆ. ಕ್ಲಾಸಿನಲ್ಲಿ ನಾಳೆಯ ಪ್ರದರ್ಶನದ ಬೋರ್ಡು ಬರೆದು ಬಂದಿದ್ದೆ. ಬೆರಳೆಲ್ಲ ಸ್ಕೆಚ್ ಪೆನ್ನಿನ ಕೆಂಪು.

"ಎಕ್ಸ್‌ಟ್ರಾ ಶಿಫ್ಟಲ್ಲಿ ಬೆಡ್‌ಶೀಟಿಗೆ ಬಣ್ಣ ಬಳೀತಾರೇನೇ?"

ಅಷ್ಟೇ. ಅಳುತ್ತಾ ಎಲ್ಲ ಹೇಳಿಬಿಟ್ಟೆ. ಕೋಪಿಷ್ಠರ ಅಂತಸ್ತೊಂದು ಬಿಟ್ಟು.

"ಗೊತ್ತು ಬಿಡೆ. ನೀನು ಬಂದ ತಿಂಗಳೇ ಗೊತ್ತಾಯ್ತು. ಹತ್ತು ಪಾಸಾದೋಳು ಔಷಧಿ ಚೀಟಿನ ತುಟಿ ಅಲ್ಲಾಡಿಸ್ಕೊಂಡು ಓದ್ತಾಳಾ?"

"ಮತ್ತೆ ಯಾಕೆ ಸುಮ್ನಿದ್ರಿ ಅತ್ತೆ?"

"ನಿಮ್ಮಪ್ಪನ ಹತ್ರ ನನ್ನ ಮಗಂದು ಪರ್ಮನೆಂಟ್ ಕೆಲಸ ಅಂದಿದ್ದೆ. ಆಗಿನ್ನೂ ಟೆಂಪರರಿ. ನಿನ್ನ ಸುಳ್ಳಿನ ಮಡಕೆ ಒಡೆಯೋಕೆ ಹೋದ್ರೆ ನಂದು ಉಳಿಯುತ್ತಾ?"

ಮೂಗು ಸೋರುತ್ತಿರುವಾಗಲೇ ನಗು ಬಂತು.

"ಆದ್ರೆ ಅವನಿಗೆ ಗೊತ್ತಿಲ್ಲ. ನೀನೇ ಹೇಳ್ಬೇಕು."

ಇವರಿಗೆ ಬಡಿಸುತ್ತಾ ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ನೀರು ಬೇಕಾ ಅಂತ ಕೇಳಿದೆ.

ಶನಿವಾರ, 15. ಸಂಜೆ 6

ಬಾಯಿಗೆ ಬಾರದ್ದನ್ನು ಲೈಬ್ರರಿ ಹಾಲಿನ ಗೋಡೆಯೇ ಹೇಳಲಿ ಅಂತ ಇವರನ್ನೂ ಅತ್ತೆಯನ್ನೂ ಕರೆದುಕೊಂಡು ಹೋದೆ. ಇವರು ಮೇಲಿನಿಂದ ಓದುತ್ತಾ ಬಂದರು. ಭಾವನ ಹತ್ತಿರ ನಕ್ಕರು. ತಳಕ್ಕೆ ಬಂದರು. ನಗು ನಿಂತಿತು. ಎರಡು ಸಲ ಓದಿದರು. ಹೊರಗೆ ಹೋದರು.

ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಅತ್ತೆ ಕೋಪಿಷ್ಠರ ಅಂತಸ್ತಿಗೆ ಬಂದಿದ್ದರು.

"ಯಾರಿಗೆ ಕೋಪ? ನನಗಾ ಕೋಪ?"

ಹಾಲಿನಲ್ಲಿದ್ದವರೆಲ್ಲ ತಿರುಗಿದರು. ಡ್ರೈವರಣ್ಣ ಕುರ್ಚಿ ಬಿಟ್ಟೆದ್ದ. ಅತ್ತೆ ಸುತ್ತ ನೋಡಿ, ದನಿ ಇಳಿಸಿ, "ಸ್ವಲ್ಪ ಇದೆ" ಅಂದರು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಾಗಿಲಲ್ಲಿ ಇವರು... ಮುಖ ತೊಳೆದು ಬಂದಿದ್ದರು. ಅವರ ತುಟಿಯಲ್ಲೂ ಸಣ್ಣ ನಗು.

"ಮನೆ ಫಾರಂಗಳನ್ನೆಲ್ಲ ನಿನ್ನ ಕೈಲೇ ತುಂಬಿಸ್ತಿದ್ನಲ್ಲೇ... ಅದಕ್ಕೇನಾ ಗ್ಯಾಸಿನ ಅರ್ಜಿ ಎರಡು ಸಲ ವಾಪಸ್ ಬಂದದ್ದು?"

"ಮೂರು ಸಲ. ಒಂದು ಸಲ ನಿಮಗೆ ಹೇಳ್ಲಿಲ್ಲ."

"ಇನ್ನೇನಾದ್ರೂ ಉಳಿದಿದ್ರೆ ಈಗ್ಲೇ ಹೇಳಿಬಿಡು."

"ಇಲ್ಲ. ಆಣೆಗೂ ಇಲ್ಲ."

"ಬೇಜಾರಾಗಿದೆ ನನಗೆ" ಅಂದರು. ಜೇಬಿನಿಂದ ಗಾಡಿ ಕೀಲಿ ತೆಗೆದು, "ಸೋಮವಾರದಿಂದ ಕ್ಲಾಸಿಗೆ ನಾನೇ ಬಿಡ್ತೀನಿ. ಬಸ್ಸಿಗೆ ಕಾಯೋದು ಬೇಡ."

ಭಾನುವಾರ, 16. ಬೆಳಿಗ್ಗೆ 11

ಎಂಟಕ್ಕೆ ಎದ್ದೆ. ಎದೆಯಲ್ಲಿ ಢವಢವ ಇಲ್ಲ. ಇಲ್ಲವಲ್ಲ ಅಂತ ಸ್ವಲ್ಪ ಹೊತ್ತು ಹೆದರಿದೆ. ಆಮೇಲೆ ಅದೂ ಹೋಯಿತು.

ಹತ್ತರ ಪರೀಕ್ಷೆಯ ಅರ್ಜಿ ಮುಂದಿದೆ. "ಹಿಂದೆ ಓದಿರುವ ತರಗತಿ" — ಪೆನ್ನು ತಾನಾಗಿ ಹತ್ತರ "ಹ" ಬರೆದುಬಿಟ್ಟಿತು. ಹನ್ನೊಂದು ವರ್ಷದ ಅಭ್ಯಾಸ. ಹೊಡೆದು ಹಾಕಿದೆ. ಇವರು ಪಕ್ಕದಲ್ಲೇ ಕೂತಿದ್ದಾರೆ, ನೋಡದವರ ಹಾಗೆ ನೋಡುತ್ತಾ. ನೋಡಲಿ. ಅರ್ಜಿಯಲ್ಲೂ ಇಲ್ಲೂ ಒಂದೇ ಬರೆಯುತ್ತೇನೆ — ಆರನೇ ಕ್ಲಾಸು.