ತೋಳಿನ ಕಟ್ಟು ಬಿಚ್ಚಿದವರು

ಕನ್ನಮ್ಮಾ,

ಎಡಗೈ ಬರಹ, ನಗಬೇಡ. ನೀನು ಬಟ್ಟೆ ಒಗೆದು ಬರುವಷ್ಟರಲ್ಲಿ ನಾನು ಆಪರೇಷನ್ನಿಗೆಂದು ಶಿವಮೊಗ್ಗದ ಬಸ್ಸು ಹತ್ತಿರುತ್ತೇನೆ. ಕೋಳಿಗಳನ್ನು ಬಿಟ್ಟಿಲ್ಲ, ನೀನೇ ಬಿಡು.

ಏಳು ತಿಂಗಳಾದರೂ ತೋಳಿನ ಮೂಳೆ ಕೂಡಿಲ್ಲವಂತೆ. ಸೊಂಟದಿಂದ ಚೂರು ಮೂಳೆ ತೆಗೆದು ಅಲ್ಲಿಗಿಟ್ಟು, ಉಕ್ಕಿನ ಪಟ್ಟಿ ಹಾಕಿ ಬಿಗಿಯುತ್ತಾರಂತೆ. ಮುರಿದದ್ದು ತೋಳು, ಸೊಂಟವನ್ನೇಕೆ ಕೊಯ್ಯಬೇಕು? ನನಗಂತೂ ತಲೆಬುಡ ತಿಳಿಯಲಿಲ್ಲ.

"ಕಟ್ಟು ಬಿಚ್ಚಿದ್ದು ಯಾರ್ರೀ?" ಎಂದು ಡಾಕ್ಟರು ಗದರಿದಾಗ "ನಮ್ ಮಾವ" ಅಂದುಬಿಟ್ಟೆ. ಯಾಕೆ ಹಾಗಂದೆನೋ! ನಿಮ್ಮಪ್ಪ ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿಯೇ ಕಟ್ಟಿದ್ದರು. ತುರಿಕೆ ತಾಳದೆ ದಿನಾ ಅದನ್ನು ಸಡಿಲಿಸಿ ಕೆರೆದುಕೊಂಡವನು ನಾನು. ಅವರಿಗೆ ಹೇಳಿಬಿಡು. ಬೇಡ, ನಾನೇ ಹೇಳುತ್ತೇನೆ. ಹೇಗೆ ಹೇಳುವುದೋ ತೋಚುತ್ತಿಲ್ಲ.

ನೀನು ಹುಡುಕುತ್ತಿದ್ದ ಸಣ್ಣ ಸಟ್ಟುಗ ನನ್ನ ಹಾಸಿಗೆಯ ಅಡಿ ಇದೆ. ಚೆನ್ನಾಗಿ ತೊಳೆದು ಬಳಸು.

ಗುತ್ಯಪ್ಪ