ಮೂರನೆಯ ರೇಡಿಗೆ ಸಂಜು

ಬೈಲಹೊಂಗಲ
ಗುರುವಾರ, ಡಿಸೆಂಬರ್ 12

ಪ್ರೀತಿಯ ತಮ್ಮ ಬಸವಲಿಂಗನಿಗೆ ನಿನ್ನ ಅಕ್ಕ ನಾಗರತ್ನಾ ಮಾಡುವ ಆಶೀರ್ವಾದಗಳು.

ಹೇಗಿದ್ದೀ? ಕೆಮ್ಮು ನಿಂತಿತೇ? ಸೋಮವಾರದ ಕಬಡ್ಡಿ ಪಂದ್ಯದಲ್ಲಿ ನೀನು ಎರಡು ಸಲ ಬಾಯಿಗೆ ಕರವಸ್ತ್ರ ಹಿಡಿದದ್ದನ್ನು ಟಿವಿಯಲ್ಲಿ ನೋಡಿದೆ. ಈ ಚಳಿಯಲ್ಲೂ ಹೋಟೆಲ್ಲಿನ ಕೋಣೆಯಲ್ಲಿ ಏಸಿ ಹಾಕಿಕೊಂಡು ಮಲಗುತ್ತೀಯೆಂದು ಗಂಗಾ ಧಾರವಾಡದಿಂದ ಫೋನ್ ಮಾಡಿ ದೂರು ಹೇಳಿದಳು. ಹೆಂಡತಿಯ ಮಾತಂತೂ ನೀನು ಕೇಳುವವನಲ್ಲ, ಅಕ್ಕನ ಮಾತನ್ನಾದರೂ ಕೇಳು. ಇಲ್ಲಿ ನಾವೆಲ್ಲ ಆರಾಮವಾಗಿದ್ದೇವೆ. ಅವ್ವನ ಕಣ್ಣು ಮೊದಲಿನಂತಿಲ್ಲ, ಆದರೂ ಪಂದ್ಯ ಶುರುವಾದರೆ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂರುತ್ತಾಳೆ. ಆಡುವ ಹುಡುಗರಲ್ಲಿ ಯಾರು ಯಾರೆಂದು ಅವಳಿಗೆ ತಿಳಿಯುವುದಿಲ್ಲ. ಗೆರೆಯ ಹೊರಗೆ ಸುಮ್ಮನೆ ನಿಂತ ಕೋಚು ಮಾತ್ರ ತನ್ನ ಮಗ ಎಂದು ಗುರುತು ಹಿಡಿದಿದ್ದಾಳೆ. ದಿನಕ್ಕೆ ಮೂರು ಸಲ ಫೋನ್ ಮಾಡಿ ತಲೆ ತಿನ್ನುವ ಅಕ್ಕ ಈಗ ಹಾಳೆ, ಪೆನ್ನು ಹಿಡಿದು ಕೂತದ್ದು ಏಕೆಂದು ನಿನಗೆ ಆಶ್ಚರ್ಯವಾದೀತು. ಕಾರಣವಿದೆ, ಹೇಳುತ್ತೇನೆ. ಒಬ್ಬನೇ ಕೂತು ಓದು. ನನ್ನ ಮಗರಾಯ ಸಂಜು ಪಕ್ಕದಲ್ಲಿದ್ದರೆ ಮಡಚಿ ಕಿಸೆಗೆ ಹಾಕಿಕೊ.

ಪರಶುವಿನ ಭುಜ ಜಾರಿದೆ, ರವಿವಾರದ ಸೆಮಿಫೈನಲ್‌ನಲ್ಲಿ ಅವನ ಬದಲು ಸಂಜುವೇ ಮುಖ್ಯ ರೇಡರ್ ಎಂದು ನೀನು ಮಂಗಳವಾರ ಫೋನಿನಲ್ಲಿ ಹೇಳಿದ್ದೇ ತಡ, ನಮ್ಮ ಮನೆಯವರಿಗೆ ಬಾಯಿ ಕಟ್ಟಲಾಗಲಿಲ್ಲ. ಚಹಾದಂಗಡಿಯವರೆಗೆ ಹೋಗಿ ಬರುತ್ತೇನೆಂದು ಹೋದವರು ಊರಿಗೇ ಡಂಗುರ ಸಾರಿ ಬಂದರು. ಈಗ ನಮ್ಮ ಓಣಿಯ ಬಾಯಲ್ಲಿ ಒಂದು ಫ್ಲೆಕ್ಸ್ ನಿಂತಿದೆ. ಅದರಲ್ಲಿ ನಿನ್ನ ಅಳಿಯನ ಮುಖ ನೀರಿನ ಹಂಡೆಯಷ್ಟು ದೊಡ್ಡದು, ನಿನ್ನದು ಮೂಲೆಯಲ್ಲಿ ಅಂಚೆಚೀಟಿಯಷ್ಟು. ಹಿಟ್ಟಿನ ಗಿರಣಿಯ ದುರ್ಗಪ್ಪ ಒಂದು ಕ್ರೂಸರ್ ಗಾಡಿ ಮಾಡಿ ಹತ್ತು ಜನರನ್ನು ಪುಣೆಗೆ ಕರೆತರುತ್ತಿದ್ದಾನೆ. ಈ ಪತ್ರವೂ ಅವನ ಕೈಯಲ್ಲೇ ಬರುತ್ತದೆ. ಹದಿನೈದು ದಿನದ ಹಿಂದೆ ಇದೇ ದುರ್ಗಪ್ಪ, ನಾನು ಜೋಳ ಬೀಸಿಸಲು ಹೋದಾಗ, "ಅಕ್ಕಾರ, ನಿಮ್ಮ ತಮ್ಮ ನಮ್ಮ ಹುಡುಗನ ಆಟಾನ ಕೆಡಿಸಿ ಇಟ್ಟಾನ ನೋಡ್ರಿ. ಸ್ವಂತ ಅಳಿಯಾನ್ನ ಹಿಂಗ ತುಳಿತಾರೇನ್ರಿ?" ಎಂದಿದ್ದ. ಈಗ ಕೇಳಿದರೆ, "ಮಾಮಾ ಅಂದ್ರ ಹಿಂಗಿರಬೇಕ್ರಿ" ಎನ್ನುತ್ತಾನೆ. ಜನರ ನಾಲಿಗೆಗೆ ಎಲುಬಿಲ್ಲ.

ತುಳಿಯುವ ಮಾತಿಗೆ ಅವ್ವ ಮಾತ್ರ ಒಪ್ಪಲಿಲ್ಲ. ಎಲ್ಲಮ್ಮನ ಗುಡ್ಡದಲ್ಲಿ ಸಂಜುವಿನ ಜವಳ ತೆಗೆಸಿದ್ದು ನಿನಗೆ ನೆನಪಿದೆಯಲ್ಲ. ಸೋದರಮಾವನೆಂದು ನಿನ್ನ ತೊಡೆಯ ಮೇಲೆ ಕೂರಿಸಿದೆವು. ಕತ್ತರಿ ಕಂಡದ್ದೇ ಅವನು ಹೌಹಾರಿ ನಿನ್ನ ಹೆಬ್ಬೆರಳಿನ ಬುಡಕ್ಕೆ ಕಚ್ಚಿದ. ರಕ್ತ ಬಂದರೂ ಕೂದಲು ಪೂರ್ತಿ ಇಳಿಯುವವರೆಗೆ ನೀನು ಕೈ ಸಡಿಲಿಸಲಿಲ್ಲ. ಅವ್ವ ಅದನ್ನು ದುರ್ಗಪ್ಪನಿಗೂ ಕೂರಿಸಿಕೊಂಡು ಹೇಳಿದಳು. ಅವನು ಹೂಂ ಹೂಂ ಎಂದು ಅವಲಕ್ಕಿ ತಿಂದು ಹೋದ.

ಆದರೆ ನಿನ್ನ ಆಟದ ಪದ್ಧತಿ ಊರಿಗೆ ಇನ್ನೂ ಹಿಡಿಸಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ತವರೂರು ಚಚಡಿಯ ವಾಡೆಯ ಮುಂದಿನ ಬಯಲಿನಲ್ಲಿ ನಾವು ಹುತುತು ಆಡುವಾಗ ಹೀಗಿತ್ತೇ? ದಮ್ಮು ಕಟ್ಟಿ ಒಳಗೆ ನುಗ್ಗಿದರೆ ಒಬ್ಬರನ್ನಾದರೂ ಮುಟ್ಟಿ ಬರಬೇಕು, ಇಲ್ಲದಿದ್ದರೆ ಮಣ್ಣು ಮುಕ್ಕಬೇಕು. ನಿನ್ನ ಹುಡುಗರು ಮೊದಲ ರೇಡಿಗೆ ಹೋಗಿ ಗೆರೆಯ ಹತ್ತಿರ ಸುಳಿದು, ಮೂವತ್ತು ಸೆಕೆಂಡು ಮುಗಿಸಿ ಖಾಲಿ ಕೈಯಲ್ಲಿ ಬರುತ್ತಾರೆ. ಎರಡನೆಯವನೂ ಹಾಗೆಯೇ. ಮೂರನೆಯದಕ್ಕೆ ಸಂಜುವನ್ನು ಕಳಿಸುತ್ತೀ. ಎರಡು ರೇಡು ಖಾಲಿ ಹೋದರೆ ಮೂರನೆಯವನು ಪಾಯಿಂಟು ತರಲೇಬೇಕು, ತರದಿದ್ದರೆ ಅವನೇ ಔಟು ಎಂದು ಅವ್ವನಿಗೆ ತಿಳಿಸಿ ಹೇಳಿದೆ. ಅವಳು, "ಹಂಗಾದ್ರ ಮದಲ ಹೋದ ಇಬ್ಬರು ಏನ ಹವಾ ತಿನ್ನಾಕ ಹೋಗಿದ್ರೇನ?" ಎಂದಳು. ನಾನು ನಿನ್ನ ಪರ ವಾದಿಸಿದೆ. ಹೋದ ವಾರ ಎರಡು ದಿನ ರಜೆಗೆ ಬಂದಾಗ ಸಂಜು ನನಗೆ ಎಲ್ಲ ಹೇಳಿದ್ದ. ನೀನು ಲ್ಯಾಪ್‌ಟಾಪಿನಲ್ಲಿ ಆಸ್ಟ್ರೇಲಿಯಾದವರ ರಗ್ಬಿ ಲೀಗ್ ಪಂದ್ಯಗಳನ್ನು ಹುಡುಗರಿಗೆ ತೋರಿಸುತ್ತೀಯಂತೆ. ಅದರಲ್ಲಿ ಚೆಂಡು ಹಿಡಿದ ತಂಡವನ್ನು ಆರು ಸಲ ಕೆಡವಿದರೆ ಚೆಂಡು ಎದುರಿನವರಿಗೆ ಹೋಗುತ್ತದಂತೆ. ಜಾಣ ತಂಡ ಮೊದಲ ಐದು ಸಲ ಅವಸರ ಮಾಡುವುದಿಲ್ಲ, ನೆಟ್ಟಗೆ ನುಗ್ಗಿ ನುಗ್ಗಿ ಎದುರಿನವರನ್ನು ದಣಿಸುತ್ತದೆ, ಅವರ ಸಾಲು ಎಲ್ಲಿ ಸಡಿಲಾಯಿತೆಂದು ನೋಡಿ ಕೊನೆಗೆ ಅಲ್ಲಿ ಹೊಡೆಯುತ್ತದೆ. "ಮಾಮಾಂದೂ ಅದ ಲೆಕ್ಕ ಅವ್ವಾ. ಮದಲಿನ ಎರಡು ಖಾಲಿ ಅಲ್ಲ, ಅವು ನೋಡೂ ರೇಡು" ಎಂದ. ನನಗೆ ಇದು ಹಿಡಿಸಿತು. ಮೊದಲ ಇಬ್ಬರು ಹೋದಾಗ ಎಡಮೂಲೆಯವನು ಯಾವ ಕಾಲು ಮುಂದಿಡುತ್ತಾನೆಂದು ಈಗ ನಾನೂ ನೋಡುತ್ತೇನೆ. ನನ್ನ ನಾಲ್ಕನೆಯ ಇಯತ್ತೆಯ ಮಕ್ಕಳ ಉತ್ತರಪತ್ರಿಕೆಗಳು ತಿದ್ದದೆ ಮಡಿಲಲ್ಲಿ ಹಾಗೇ ಉಳಿಯುತ್ತವೆ.

ನೀನು ಕೂಗಾಡದೆ ಕಲಿಸುವುದೂ ನನಗೆ ಸೇರುತ್ತದೆ. ನಿನಗೆ ಕಲಿಸಿದವರು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಆ ಬೈಗುಳಕ್ಕೆ ಅಂಜಿಯೇ ಅಲ್ಲವೇ ರಾಮದುರ್ಗದ ಪಂದ್ಯಾವಳಿಯಲ್ಲಿ ನೀನು ಬಾತ ಮೊಣಕಾಲಿಗೆ ಪಟ್ಟಿ ಬಿಗಿದು, ಯಾರಿಗೂ ಹೇಳದೆ ಇಳಿದದ್ದು. ಮೊದಲ ರೇಡಿನಲ್ಲೇ ಬಿದ್ದೆ. ಆಗ ನಿನಗೆ ಇಪ್ಪತ್ತಮೂರು. ಇವತ್ತಿಗೂ ಮೆಟ್ಟಿಲು ಹತ್ತುವಾಗ ತೊಡೆಗೆ ಕೈ ಊರುತ್ತೀ. ಇದನ್ನು ನಿನ್ನ ಹುಡುಗರಿಗೆ ಹೇಳಿದ್ದೀಯೋ ಇಲ್ಲವೋ ತಿಳಿಯದು.

ಒಂದು ವಿಷಯಕ್ಕೆ ಮಾತ್ರ ಸಿಟ್ಟು ಬಂದಿದೆ. ಟೈಮ್‌ಔಟ್ ಆದಾಗ ನಿನ್ನ ಬಾಯಿ ಮುಂದೆ ಮೈಕು ಇರುತ್ತದೆ ಎನ್ನುವುದನ್ನು ನೀನು ಮರೆಯುತ್ತೀ. ಉಳಿದವರೊಂದಿಗೆ ಹಿಂದಿಯಲ್ಲಿ ನಾಜೂಕಾಗಿ ಮಾತಾಡುವವನು, ಸೋಮವಾರ ಸಂಜುವಿಗೆ ಮಾತ್ರ ನಮ್ಮ ಭಾಷೆಯಲ್ಲಿ, "ಏ ಸಂಜ್ಯಾ, ಎದಕ್ಕ ಹೆದರಾಕ ಹತ್ತೀ? ಒಳಗ ಹೋಗಲೇ. ನಿಮ್ಮವ್ವ ಹತ್ತು ವರ್ಷದಾಕಿ ಇದ್ದಾಗ ನಿನಕಿಂತ ಒಳಗ ಹೋಗತಿದ್ಲು" ಎಂದೆ. ಬೇರೆಯವರಿಗೆ ತಿಳಿಯುವುದಿಲ್ಲ ಎಂದುಕೊಂಡೆಯೇನೋ. ಇಡೀ ಬೈಲಹೊಂಗಲ ಕೇಳಿತು. ನಮ್ಮ ಪಡಸಾಲೆಯಲ್ಲಿ ಕೂತಿದ್ದ ಹದಿನೈದು ಜನ ಬಿದ್ದು ಬಿದ್ದು ನಕ್ಕರು. "ಅಕ್ಕಾರ, ರವಿವಾರ ನಿಮ್ಮನ್ನ ಇಳಸ್ತಾರೇನು?" ಎಂದು ದುರ್ಗಪ್ಪ ಇನ್ನೂ ಕೇಳುತ್ತಿದ್ದಾನೆ. ಹೊಗಳಿದ್ದಕ್ಕೆ ನನಗೆ ಒಳಗೊಳಗೇ ಸಂತೋಷವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಟಿವಿಯಲ್ಲಿ ಹುಡುಗನ ಮುಖ ನೋಡಿದೆ, ಕಿವಿಯವರೆಗೆ ಕೆಂಪಾಗಿತ್ತು. ಹೆದರುವ ಹುಡುಗನೇ ಅವನು? ಆರು ವರ್ಷದವನಿದ್ದಾಗ ಸಂಪಗಾಂವದ ನಮ್ಮ ಶಾಲೆಯ ಹಿಂದಿನ ಬಾವಿಗೆ ಹಾರಿದವನು. ಅವನನ್ನು ಎತ್ತಲು ನಾನು ಸೀರೆ ಸಮೇತ ಹಾರಬೇಕಾಯಿತು.

ಹಾಗೆಂದು ಅವನ ಆಟ ಬದಲಾಗಿಲ್ಲ ಎನ್ನುವುದಿಲ್ಲ. ಬದಲಾಗಿದೆ. ಮೊದಲು ಬಲಗಾಲಿನ ಮೇಲೆ ಗಿರಕಿ ಹೊಡೆದು, ಬೆನ್ನು ತಿರುಗಿಸಿದವನಂತೆ ಮಾಡಿ ಹಿಂದಕ್ಕೆ ಒದೆಯುತ್ತಿದ್ದ. ಆ ಒದೆತಕ್ಕೇ ಅಲ್ಲವೇ ನಿಮ್ಮ ತಂಡ ಅವನನ್ನು ತೆಗೆದುಕೊಂಡದ್ದು. ಈಗ ಒಂದು ತಿಂಗಳಿಂದ ಆ ಒದೆತ ಇಲ್ಲ. ಕೈ ಚಾಚಿ ಮುಟ್ಟುತ್ತಾನೆ, ಇಲ್ಲದಿದ್ದರೆ ಬೋನಸ್ ಗೆರೆ ದಾಟಿ ಒಂದು ಪಾಯಿಂಟು ತಂದು ಬಿಡುತ್ತಾನೆ. ಊರಿನವರು ಅದು ನಿನ್ನ ಪದ್ಧತಿ ಎಂದುಕೊಂಡರು. ನೀನು ಅದು ಅವನ ಹೆದರಿಕೆ ಎಂದುಕೊಂಡಿದ್ದೀ.

ರಜೆಗೆ ಬಂದಾಗಿನ ಒಂದು ತಮಾಷೆ ಹೇಳುತ್ತೇನೆ. ಎಲ್ಲರೂ ಊಟಕ್ಕೆ ನೆಲಕ್ಕೆ ಕೂತರೆ ಇವನು ಕುರ್ಚಿ ಕೇಳಿದ. "ನೆಲದ ಮ್ಯಾಲ ಕುಂದರಬ್ಯಾಡ ಅಂತ ಮಾಮಾ ಹೇಳ್ಯಾನ" ಎಂದ. ಅವ್ವ ನಿನಗೆ ಎರಡು ಬೈದಳು. ಎರಡೂ ದಿನ ಬೆಳಗ್ಗೆ ಎದ್ದವನೇ ಎದುರುಮನೆಯ ಗುರವ್ವನ ಕಡೆಗೆ ಹೋಗುತ್ತಿದ್ದ. ಅವರ ನಾಯಿ ಮರಿ ಹಾಕಿದೆ, ನೋಡಿ ಬರುತ್ತೇನೆ ಎಂದು ನೆಪ. ಟಿವಿಯಲ್ಲಿ ಬರುವ ಹುಡುಗ ಎದ್ದ ಕೂಡಲೇ ತನ್ನ ಮನೆಗೆ ಬರುತ್ತಾನೆಂದು ಗುರವ್ವ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದಳು. ಆಮೇಲೆ ಗೊತ್ತಾಯಿತು, ಅವನು ಹೋಗುತ್ತಿದ್ದದ್ದು ನಾಯಿಮರಿಗಲ್ಲ. ನಮ್ಮ ಮನೆಯದು ನೆಲಮಟ್ಟದ ಪಾಯಖಾನೆ, ಗುರವ್ವನ ಮಗ ಹೊಸದಾಗಿ ಕಮೋಡ್ ಹಾಕಿಸಿದ್ದಾನೆ. ಪಾಪ ಗುರವ್ವನಿಗೆ ಇದನ್ನು ನಾನು ಹೇಳಿಲ್ಲ.

ದುರ್ಗಪ್ಪನ ಕೈಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ನಾಲ್ಕು ಶೇಂಗಾ ಹೋಳಿಗೆ ಕಳಿಸಿದ್ದೇನೆ. ದಾರಿಯಲ್ಲಿ ಅವನು ತಿಂದು ಉಳಿದದ್ದು ನಿನಗೆ. ಕೆಮ್ಮಿಗೆ ಅವ್ವ ಜ್ಯೇಷ್ಠಮಧು ಕಟ್ಟಿ ಕೊಟ್ಟಿದ್ದಾಳೆ, ಬಾಯಲ್ಲಿಟ್ಟುಕೊ. ಗಂಗಾಳಿಗೆ ಫೋನ್ ಮಾಡು. ಶಿವಾನಿಗೆ ಹತ್ತನೆಯ ಇಯತ್ತೆ, ಅಪ್ಪನ ಧ್ವನಿ ಟಿವಿಯಲ್ಲಿ ಮಾತ್ರ ಕೇಳಿಸಬಾರದು. ಅವ್ವ ತನ್ನ ಎರಡೂ ಕೈಗಳನ್ನು ನಿನ್ನ ತಲೆಯ ಮೇಲಿಟ್ಟಂತೆ ತಿಳಿ ಎಂದಿದ್ದಾಳೆ. ನನ್ನ ಕೈಯೂ ಅದರ ಮೇಲೆಯೇ ಇದೆ.

ನಿನ್ನ ಅಕ್ಕ,
ನಾಗರತ್ನಾ

ತಾ.ಕ.: ದುರ್ಗಪ್ಪ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಮೇಲೆ ಬರೆದದ್ದೆಲ್ಲ ಖಾಲಿ ರೇಡು, ಬಸೂ. ಗೆರೆಯ ಹತ್ತಿರವೇ ಸುಳಿದೆ, ಒಳಗೆ ಹೋಗಲು ನನಗೇ ಧೈರ್ಯವಾಗಲಿಲ್ಲ. ಸಂಜುವಿನ ಬಲ ಮೊಣಕಾಲು ಕೆಟ್ಟಿದೆ. ಒಳಗಿನ ನರ ಅರ್ಧ ಹರಿದಿದೆಯಂತೆ. ನಿಮ್ಮ ತಂಡದ ಡಾಕ್ಟರಿಗೆ ತಿಳಿಸದೆ ಬೆಳಗಾವಿಯಲ್ಲಿ ಸ್ಕ್ಯಾನ್ ಮಾಡಿಸಿದ್ದಾನೆ. ಇನ್ನೊಂದು ಸಲ ತಿರುಚಿದರೆ ಪೂರ್ತಿ ಹೋಗುತ್ತದೆ, ಮುಂದೆ ಆಡಿದರೆ ಆಡಿದ, ಇಲ್ಲದಿದ್ದರೆ ಇಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದ್ದಾರೆ. ಪ್ರತಿ ಪಂದ್ಯಕ್ಕೂ ಮೊದಲು ನೋವಿನ ಗುಳಿಗೆ ನುಂಗಿ ಇಳಿಯುತ್ತಾನೆ. ಗೊತ್ತಾದರೆ ಮುಂದಿನ ವರ್ಷ ಯಾವ ತಂಡವೂ ತೆಗೆದುಕೊಳ್ಳುವುದಿಲ್ಲ ಎಂಬ ಭಯ. ಹೊರಡುವ ದಿನ ನಾನು ಹಿಡಿದು ಕೇಳಿದಾಗ ಹೇಳಿದ. ಮಾಮಾಗೆ ಬಾಯಿಬಿಟ್ಟು ಹೇಳುವುದಿಲ್ಲವೆಂದು ಎಲ್ಲಮ್ಮನ ಮೇಲೆ ಆಣೆ ಮಾಡಿಸಿಕೊಂಡು ಹೋದ. ಬಾಯಿ ಬಿಟ್ಟಿಲ್ಲ, ಬರೆದಿದ್ದೇನೆ. ಎಲ್ಲಮ್ಮ ತಾಯಿಗೆ ಇದು ತಪ್ಪೆನಿಸಿದರೆ ನನ್ನನ್ನು ಕೇಳಲಿ, ಅವಳಿಗೂ ಮಗನಿದ್ದಾನೆ.

ರವಿವಾರ ಮುಗಿಯಲಿ, ಆಮೇಲೆ ನೋಡೋಣ ಎಂದು ನಾನೂ ಸುಮ್ಮನಿದ್ದೆ. ನಿನ್ನೆ ಅವನು ಫೋನ್ ಮಾಡಿ, "ಅವ್ವಾ, ಹೆದರಿಕಿ ಅಂದ್ರ ಏನಂತ ರವಿವಾರ ಮಾಮಾಗ ತೋರಸ್ತೇನಿ. ಮದಲನೇ ರೇಡಿನ್ಯಾಗನ ಹಿಂದಿನ ಒದಿ" ಎಂದ. ಫೋನ್ ಇಟ್ಟವಳೇ ಹಾಳೆ, ಪೆನ್ನು ಹುಡುಕಿದೆ. ನಿನ್ನ ಆ ಒಂದು ಮಾತಿಗಾಗಿ ಅವನು ಕಾಲು ಮುರಿದುಕೊಳ್ಳುತ್ತಾನೆ. ಅವನನ್ನು ಇಳಿಸಬೇಡ. ನಾನು ಹೇಳಿದ್ದೆಂದೂ ಹೇಳಬೇಡ, ನಾಳೆ ಅವನಿಗೆ ಮತ್ತೆ ನೋವಾದರೆ ಹೇಳಿಕೊಳ್ಳಲು ಒಬ್ಬರಾದರೂ ಬೇಕು. ನಿನ್ನ ಲೆಕ್ಕದಲ್ಲಿ ಅವನು ಬೇಡ ಎಂದುಬಿಡು. ಇಡೀ ಊರು ನಿನ್ನನ್ನು ಬೈಯುತ್ತದೆ, ನಾನೂ ಟಿವಿ ಮುಂದೆ ಕೂತು ಅವರ ಜೊತೆ ಗಟ್ಟಿಯಾಗಿ ಬೈಯುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಪಂದ್ಯ ಮುಗಿಯುವವರೆಗೆ ಅವನನ್ನು ನಿನ್ನ ಪಕ್ಕದಲ್ಲೇ ಕೂರಿಸಿಕೊ. ಕಚ್ಚುತ್ತಾನೆ. ಬಿಡಬೇಡ.