ದವಡೆಗೆ ನಾಲ್ಕು ಬೆರಳು ಈಚೆ

ಹರಿಹರ, ಫೆಬ್ರವರಿ ೨೮, ೨೧೯೦

ಡ್ರ್ಯಾಗನ್ ದುರುಗೇಶನಿಗೆ,

ನಮ್ಮ ಕಾಲದ ಕೆಲವು ಮಾತು ನಿನಗೆ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಏಕವಚನಕ್ಕೆ ಕ್ಷಮೆ ಕೇಳುವುದಿಲ್ಲ. ವಂಶದಲ್ಲಿ ನೀನು ನನ್ನ ಮುತ್ತಜ್ಜನಿಗೂ ಅಜ್ಜ. ಆದರೆ ಕಾಲದಲ್ಲಿ ಹಿಂದಕ್ಕೆ ಕಳಿಸುತ್ತಿರುವ ಈ ಪತ್ರ ಕೈಸೇರುವಾಗ ನಿನಗೆ ನಲವತ್ತು, ನನಗೆ ಎಂಬತ್ತು.

ಇಲ್ಲಿ ಬರಿಗೈ ಕಟ್ಟಳೆ ಇದೆ. ಅಂದರೆ ಊರೂರಿನ ಕತ್ತಿ, ಕೋವಿಗಳನ್ನೆಲ್ಲ ಕರಗಿಸಿಯಾಗಿದೆ. ನೀರು ಕದಿಯಲು ಬಂದವರನ್ನು ಕೈಯಿಂದಲೇ ತಡೆಯಬೇಕು. ಊರ ತೊಟ್ಟಿಯ ಕಾವಲು ನಮ್ಮ ಮನೆತನಕ್ಕೆ ಬಂದದ್ದು ನಿನ್ನ ಹೆಸರಿನಿಂದ. ನೀನು ಸಿನಿಮಾದ ಸಾಹಸ ನಿರ್ದೇಶಕ, ಮೇಲಾಗಿ ನಾಯಕನಟ. ಒಬ್ಬನೇ ಇಪ್ಪತ್ತು ಜನರನ್ನು ಉರುಳಿಸಿದವನ ರಕ್ತವಲ್ಲವೇ ಎಂದು ಊರು ನಂಬಿತು. ಆ ಇಪ್ಪತ್ತು ಜನ ಬೀಳುವುದಕ್ಕೇ ಸಂಬಳ ಪಡೆದವರೆಂದು ಯಾರೂ ಹೇಳಲಿಲ್ಲ.

ಬೆಳಿಗ್ಗೆ ಮಕ್ಕಳು ಮೈಗೆ ಎಣ್ಣೆ ಹಚ್ಚಿ, ಗಂಜಿ ಕುಡಿದು, ನೆರಳ್ಗುರುವಿನ ಮುಂದೆ ಸಾಲಾಗಿ ನಿಲ್ಲುತ್ತಾರೆ. ನೆರಳ್ಗುರು ಎಂದರೆ ನಿನ್ನ ಚಿತ್ರಗಳಿಂದ ಎತ್ತಿ ನಿಲ್ಲಿಸಿದ ಬೆಳಕಿನ ಆಳು. ಅದು ಮಾಡಿದ್ದನ್ನೆಲ್ಲ ಇವರೂ ಮಾಡುತ್ತಾರೆ. ಒದೆಯುವ ಮೊದಲು ಕಾಲರ್ ಎತ್ತುತ್ತಾರೆ. ನಮ್ಮ ಅಂಗಿಗಳಿಗೆ ಕಾಲರೇ ಇಲ್ಲ. ಗುದ್ದಿದ ಮೇಲೆ ಎಡಕ್ಕೆ ತಿರುಗಿ ಖಾಲಿ ಗೋಡೆಯನ್ನು ದಿಟ್ಟಿಸುತ್ತಾರೆ. ಅಲ್ಲಿ ನಿನ್ನ ಕ್ಯಾಮೆರಾ ಇತ್ತೆಂದು ನನಗೆ ತಿಳಿದದ್ದು ಮೊನ್ನೆ. ಗುದ್ದು ಮಾತ್ರ ದವಡೆಗೆ ನಾಲ್ಕು ಬೆರಳು ಈಚೆಯೇ ನಿಲ್ಲುತ್ತದೆ, ಎದುರಿನ ಮಗು ಮರ್ಯಾದೆಯಿಂದ ಹಿಂದಕ್ಕೆ ಹಾರಿ ಬೀಳುತ್ತದೆ. ತಲೆಮಾರುಗಳಿಂದ ನಾವು ಇದನ್ನು ವಿದ್ಯೆ ಎಂದುಕೊಂಡಿದ್ದೆವು.

ಕಳೆದ ತಿಂಗಳು ನೀರುಗಳ್ಳರು ಬಂದರು. ನನ್ನ ಮೊಮ್ಮಗಳು ಹುಲಿಗೆಮ್ಮ ಅವರ ಮುಂದಾಳಿನ ಮುಖಕ್ಕೆ ಗುದ್ದಿದಳು. ಕೈ ತಾಗಲಿಲ್ಲ. ಅವನೂ ಬೀಳಲಿಲ್ಲ, ಬೀಳಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. "ಯಾಕವ್ವಾ, ನೊಣ ಓಡಿಸ್ತೀಯಾ?" ಎಂದ. ಇವಳು ಆಗಲೇ ಎಡಕ್ಕೆ ತಿರುಗಿ ಏನೂ ಇಲ್ಲದ ಕಡೆ ದಿಟ್ಟಿಸುತ್ತಿದ್ದಳು. ಅಷ್ಟರಲ್ಲಿ ಅವನು ಅವಳ ಬಲ ಹೆಗಲು ಮುರಿದ. ತೊಟ್ಟಿ ಬರಿದಾಯಿತು. "ಸಿನಿಮಾದೋರ ಮನೆ ನಂಬ್ಕೊಂಡು ಕೆಟ್ವಿ" ಎಂದು ಊರಿನವರು ನನ್ನ ಬಾಗಿಲಲ್ಲೇ ನಿಂತು ಆಡಿದರು. ನಾನು ಯಜಮಾನಿಯಾದ ಮೇಲೆ ಆ ಬಾಗಿಲಲ್ಲಿ ಯಾರೂ ದನಿ ಎತ್ತಿರಲಿಲ್ಲ.

ನಿನಗೆ ನಿಜವಾದ ಹೊಡೆತ ಗೊತ್ತಿತ್ತು. ಇದೇ ಊರಿನ ಕರಾಟೆ ಮೇಷ್ಟರ ಹತ್ತಿರ ಹೆಂಚು ಒಡೆದು ಕಲಿತವನು ನೀನು. ಕಟೌಟಿನ ಮುಖ ಕೆಡಬಾರದೆಂದು ಅದನ್ನು ಬಿಟ್ಟೆ, ತಾಗದಂತೆ ಹೊಡೆಯುವುದನ್ನೇ ಕಸುಬು ಮಾಡಿಕೊಂಡೆ. ಮಗಳು ಸಿಂಚನಾ ಕಲಿಸೆಂದು ಅಂಗಲಾಚಿದರೆ ಅವಳಿಗೂ ಶೂಟಿಂಗಿನ ಗುದ್ದನ್ನೇ ತೋರಿಸಿದೆ. ನಾವೆಲ್ಲ ಅವಳ ಸಂತಾನ.

ನಾಳೆ ತೊಟ್ಟಿ ತುಂಬುವ ದಿನ, ಕಳ್ಳರು ಮತ್ತೆ ಬರುತ್ತಾರೆ. ಹುಲಿಗೆಮ್ಮ ಎಡಗೈಯೊಂದನ್ನೇ ನಂಬಿ ನಿಲ್ಲುತ್ತಾಳೆ. ಬೇಡವೆಂದರೆ ಕೇಳುವವಳಲ್ಲ, ಆ ಹಟ ನನ್ನದು, ನಿನ್ನದಲ್ಲ. ಈ ಸಲ ಅವಳು ತಪ್ಪಿದರೆ ಹೆಗಲಿಗೆ ಮುಗಿಯುವುದಿಲ್ಲ. ಆದ್ದರಿಂದ ಇವತ್ತೇ ಸಿಂಚನಾಳ ಮುಷ್ಟಿ ಹಿಡಿದು, ಅದು ನಿನ್ನ ಮುಖಕ್ಕೆ ತಾಗುವವರೆಗೂ ಬಿಡಬೇಡ. ತುಟಿ ಒಡೆಯಲಿ. ಶೂಟಿಂಗ್ ನಿಂತರೆ ನಿಲ್ಲಲಿ. ತಾಗಿದ್ದು ಅವಳ ಕೈಗೆ ನೆನಪಿದ್ದರೆ ಅವಳ ಮಕ್ಕಳಿಗೆ ಬರುತ್ತದೆ, ಅಲ್ಲಿಂದ ನಮಗೆ.

ನೀನು ಕಲಿಸಿದೆಯೋ ಇಲ್ಲವೋ, ನಾಳೆ ಬೆಳಿಗ್ಗೆ ತೊಟ್ಟಿಯ ಬಾಗಿಲಲ್ಲಿ ನಿಂತು ನೋಡುತ್ತೇನೆ.

ಗಂಗವ್ವ